ಬಾಗಳಿ ಸೀಮೆಯ ನಿಂತ ಕಲ್ಲುಗಳು

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯು ಇಂದು ಸಣ್ಣ ಗ್ರಾಮ. ಅಲ್ಲಿನ ಕಲ್ಲೇಶ್ವರ ದೇವಾಲಯ ಮಾತ್ರ ಸಣ್ಣದಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಆರಂಭವಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದ ಈ ಗುಡಿಯ ಸಂಬಂಧದಲ್ಲಿ, ಇಮ್ಮಡಿ ತೈಲಪನ ಆಳ್ವಿಕೆಯ ಕ್ರಿ.ಶ. 987ರ ಶಾಸನವೊಂದು ದುಗ್ಗಿಮಯ್ಯನೆಂಬವನನ್ನು ನಿರ್ಮಾತೃವೆಂದು ಹೆಸರಿಸುತ್ತದೆ. ಶಾಸನಗಳಲ್ಲಿ ಊರಿನ ಹೆಸರು ಬಾಳ್ಗುಳಿ, ದೇವರ ಹೆಸರು ಕಲಿದೇವ. ಜನರ ಬಾಯಲ್ಲಿ ಬಾಳ್ಗುಳಿಯು ಬಾಗಳಿಯಾಯಿತು, ಕಲಿದೇವನು ಕಲ್ಲೇಶ್ವರನಾದನು. ಕೊಟ್ಟೂರಿನ ಸಮೀಪದ ಅಂಬಳಿಯಲ್ಲಿಯೂ ಹಿರೇಹಡಗಲಿಯಲ್ಲಿಯೂ ಇದೇ ಕಲ್ಲೇಶ್ವರನ ಹೆಸರಿನ ಚಾಲುಕ್ಯ ದೇವಾಲಯಗಳಿವೆ. ಕಲಿಯೆಂದರೆ ವೀರ. ವೀರನ ನೆನಪು ಹಿಂದಾಗಿ ಕಲ್ಲಿನ ನೆನಪು ಮುಂದಾಗುವುದು ಈ ಸೀಮೆಯ ಸ್ವಭಾವಕ್ಕೆ ಒಪ್ಪುವಂತೆಯೇ ಇದೆ. ಏಕೆಂದರೆ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಹೊಲಗಳ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಊರ ಅಗಸೆಯ ಬಳಿ ನಿಂತ ಕಲ್ಲುಗಳಿಗೆ ಲೆಕ್ಕವಿಲ್ಲ.

ಈ ಭಾಗವು 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾರಣ, ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಇಲ್ಲಿಯ ಶಾಸನಗಳು ದೊರೆಯುವುದಿಲ್ಲ. ಬಾಗಳಿ, ಕೋಗಳಿ ಮುಂತಾದ ಊರುಗಳ ಪಾಠಗಳು ದಕ್ಷಿಣ ಭಾರತದ ಶಾಸನಗಳ 9ನೇ ಸಂಪುಟದಲ್ಲಿ 1939ರಲ್ಲಿ ಅಚ್ಚಾದವು. ಅನಂತರ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಕನ್ನಡದಲ್ಲಿಯೇ ಹೊರತಂದಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಕಲ್ಲುಗಳು ನಿಂತಲ್ಲಿಯೇ ನಿಂತಿವೆ. ಅವುಗಳ ವಿಳಾಸ ಮಾತ್ರ ಬದಲಾಗುತ್ತ ಬಂದಿದೆ. ಹಳೆಯ ಗ್ರಂಥದಲ್ಲಿ ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು.

ನಿಂತ ಕಲ್ಲುಗಳೆಲ್ಲ ಒಂದೇ ಜಾತಿಯವಲ್ಲ. ಹೆಚ್ಚಿನವು ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಅದರ ಮೇಲೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಅದನ್ನು ಪೂಜಿಸುವ ಯತಿ, ನಂದಿ, ಸೂರ್ಯ ಚಂದ್ರರು. ತುರು ಹರಿದವರೊಡನೆ ಕಾದಿ ಬಿದ್ದವರ, ಹೆಣ್ಣಿನ ಮಾನಕ್ಕಾಗಿ ಸತ್ತವರ ಗುರುತುಗಳಿವು. ಬಳೆ ತೊಟ್ಟು ಮೊಣಕೈಯಲ್ಲಿ ಬಾಗಿ ಮೇಲೆದ್ದ ತೋಳು ಕಂಡರೆ ಅದು ಮಾಸ್ತಿಗಲ್ಲು. ಊರು ಕಟ್ಟುವಾಗ ನೆಟ್ಟ ಕರುಗಲ್ಲು ಬೇರೆ; ಅದರಲ್ಲಿ ಶಿಲ್ಪವಿಲ್ಲ, ಅಕ್ಷರವಿಲ್ಲ, ಆದರೆ ಊರಿನ ಹೊಕ್ಕುಳೆಂದು ಅದಕ್ಕೆ ಪೂಜೆ ಸಲ್ಲುತ್ತದೆ. ಇನ್ನು ಎಲ್ಲೆಗಲ್ಲುಗಳಿವೆ. ಶಿವಾಲಯಕ್ಕೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿಗೂ ಬ್ರಾಹ್ಮಣರಿಗೂ ಬಿಟ್ಟ ಭೂಮಿಗೆ ವಾಮನಮುದ್ರೆಯ ಕಲ್ಲು, ಬಸದಿಗೆ ಬಿಟ್ಟ ಭೂಮಿಗೆ ಮುಕ್ಕೊಡೆಯ ಕಲ್ಲು. ನಡುಗಾಲದ ರೈತನಿಗೆ ಓದು ಬಾರದಿದ್ದರೂ ಈ ಮೂರು ಗುರುತುಗಳನ್ನು ಕಂಡ ಕೂಡಲೇ ಯಾರ ಹೊಲದ ಅಂಚಿನಲ್ಲಿ ತನ್ನ ನೇಗಿಲು ನಿಂತಿದೆಯೆಂಬುದು ತಿಳಿಯುತ್ತಿತ್ತು.

ಈ ಎಲ್ಲದರ ನಡುವೆ ನಿಷಿಧಿಗಲ್ಲು ನಿಲ್ಲುತ್ತದೆ. ಅದು ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದವರ ಸ್ಮಾರಕ. ಈ ಪದ ಬಹಳ ಹಳೆಯದು. ಒಡಿಶಾದ ಹಾಥಿಗುಂಫಾದಲ್ಲಿ ಖಾರವೇಲನ ಶಾಸನದಲ್ಲಿಯೇ ಅದರ ಪ್ರಾಕೃತ ರೂಪ ಬಂದಿದೆ. ಕಟವಪ್ರದ, ಎಂದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಮುನಿಗಳ, ಗಂತಿಯರ ಸಮಾಧಿಮರಣದ ದಾಖಲೆಗಳಿವೆ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ಕನೆಯ ಇಂದ್ರನು ಕ್ರಿ.ಶ. 982ರಲ್ಲಿ ಅಲ್ಲಿಯೇ ವ್ರತವನ್ನು ಸ್ವೀಕರಿಸಿ ಮುಗಿದನು. ನೊಳಂಬಕುಲಾಂತಕನೆಂಬ ಬಿರುದನ್ನು ಹೊತ್ತು, ಬಾಗಳಿಗೆ ಹತ್ತಿರದ ಉಚ್ಚಂಗಿಯನ್ನು ನೊಳಂಬರಿಂದ ಗೆದ್ದ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಅನ್ನಪಾನಗಳನ್ನು ಬಿಟ್ಟು ದೇಹವಿಳಿಸಿದನು. ಗೆದ್ದ ಕೋಟೆಯಲ್ಲಿ ಅವನು ನೆಟ್ಟ ಧ್ವಜ ಇಂದು ಇಲ್ಲ. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲಿನ ಅವನ ಮರಣದ ಲೇಖನವಿದೆ.

ನಿಷಿಧಿಗಲ್ಲನ್ನು ಗುರುತಿಸುವುದು ಕಷ್ಟವಲ್ಲ. ಮೇಲೆ ಮುಕ್ಕೊಡೆಯ ಕೆಳಗೆ ಪದ್ಮಾಸನಸ್ಥ ಜಿನ, ಇಬ್ಬದಿಯಲ್ಲಿ ಚಾಮರ. ಕೆಳಗೆ ಗುರುವಿನ ಎದುರಿನಲ್ಲಿ ಕೈಮುಗಿದು ಕುಳಿತ ಆರಾಧಕ ಅಥವಾ ಆರಾಧಕಿ; ಇಬ್ಬರ ನಡುವೆ ಶಾಸ್ತ್ರವನ್ನಿಡುವ ವ್ಯಾಸಪೀಠ. ಕತ್ತಿಯಿಲ್ಲ, ಕುದುರೆಯಿಲ್ಲ, ಬಿದ್ದ ಹೆಣವಿಲ್ಲ. ವೀರಗಲ್ಲಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದೇ ನಾಡಿನ ಜನ ಸಾವನ್ನು ಎರಡು ಬಗೆಯಲ್ಲಿ ಎಷ್ಟು ಗೌರವದಿಂದ ಕಂಡರೆಂಬುದು ತಿಳಿಯುತ್ತದೆ. ಆದರೆ ಬಿಸಿಲು ಮಳೆಗಳಿಂದ ಅಕ್ಷರ ಸವೆದು, ಎಣ್ಣೆ ಕುಂಕುಮಗಳ ಪದರ ಕಟ್ಟಿದ ಮೇಲೆ ಗುರುವೂ ಆರಾಧಕನೂ ಬರಿಯ ಎರಡು ಉಬ್ಬುಗಳಾಗಿ ಉಳಿಯುತ್ತಾರೆ. ಆಗ ಕಲ್ಲು ಊರ ದೇವತೆಯಾಗುವುದಕ್ಕೆ ತಡವಿಲ್ಲ. ಆಹಾರದಲ್ಲಿನ ಸೂಕ್ಷ್ಮಜೀವಿಗೂ ಅಂಜಿ ಬದುಕಿ, ಕಡೆಗೆ ಆಹಾರವನ್ನೇ ಬಿಟ್ಟವರ ಕಲ್ಲಿನೆದುರು ಕೋಳಿಯ ಹರಕೆ ಸಲ್ಲುವ ಪ್ರಸಂಗ ಎಲ್ಲಿಯಾದರೂ ಬಂದರೆ ಶ್ರಾವಕನಾದವನಿಗೆ ನೋವಾಗುವುದು ಸಹಜ. ಅಂಥ ಕಡೆ ಮೊದಲು ಆಗಬೇಕಾದದ್ದು ಜಗಳವಲ್ಲ, ಓದು. ಕಲ್ಲಿನಲ್ಲಿ ಕುಳಿತವರು ಯಾರು, ಹೇಗೆ ಬದುಕಿ ಹೇಗೆ ಸತ್ತರೆಂಬುದನ್ನು ಊರ ಹಿರಿಯರ ಮುಂದೆ ಓದಿ ಹೇಳಿದರೆ, ಹರಕೆಯನ್ನು ಹಣ್ಣುಕಾಯಿಗೆ ತಿರುಗಿಸಲು ಅವರೇ ದಾರಿ ಹುಡುಕಿಯಾರು. ಕಲ್ಲನ್ನು ರಾತ್ರೋರಾತ್ರಿ ಕಿತ್ತು ಬಂಡಿಗೆ ಹಾಕುವುದರಿಂದ ಹಿಂಸೆ ನಿಲ್ಲದು. ಹಿಂಸೆ ಕಲ್ಲಿನಿಂದ ಮನುಷ್ಯರ ಮನಸ್ಸಿಗೆ ದಾಟುತ್ತದೆ.

ಇದು ಜೈನರ ಕಲ್ಲು ಪರರ ಕೈಯಲ್ಲಿರುವ ಪ್ರಶ್ನೆ. ಇದಕ್ಕಿಂತ ಸೂಕ್ಷ್ಮವಾದದ್ದು ಪರರ ಕಲ್ಲು ಜೈನರ ಲೆಕ್ಕಕ್ಕೆ ಬರುವ ಪ್ರಶ್ನೆ. ಸಮಾಜದ ಸಭೆಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಹಳೆಯದಾಗಿ ಕಂಡದ್ದನ್ನೆಲ್ಲ ಜಿನಧರ್ಮದ್ದೆಂದು ಹೇಳುವ ಉತ್ಸಾಹ ಆಗಾಗ ಕಾಣುತ್ತದೆ. ಒಂದು ಕಾಲಕ್ಕೆ ಈ ನಾಡಿನಲ್ಲಿ ತುಂಬಿದ್ದ ಧರ್ಮವು ಸಂಖ್ಯೆಯಲ್ಲಿ ಕುಗ್ಗಿದಾಗ ಇಂಥ ಉತ್ಸಾಹ ಹುಟ್ಟುವುದು ಸ್ವಾಭಾವಿಕವೇ. ಆದರೆ ಅಸ್ತೇಯ ಅಣುವ್ರತದ ಬೆಳಕಿನಲ್ಲಿ ಇದನ್ನು ನೋಡಬೇಕಾಗಿದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಸೇರಿವೆ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ತೂಕದ ಕಲ್ಲು ಬಳಸುವುದು ಮೊದಲನೆಯದು. ಅಸಲಿನಂತೆ ತೋರುವ ಬೇರೆ ವಸ್ತುವನ್ನು ಅಸಲೆಂದು ಕೊಡುವುದು ಎರಡನೆಯದು. ಅಂಗಡಿಯ ಗಲ್ಲೆಯ ಮೇಲೆ ಕುಳಿತವರು ಇವನ್ನು ಕೇಳಿಯೇ ಬೆಳೆದಿರುತ್ತಾರೆ. ಇತಿಹಾಸದಲ್ಲಿ ಈ ಎರಡು ಅತಿಚಾರಗಳು ಹೇಗೆ ನುಸುಳುತ್ತವೆಂಬುದನ್ನು ಮಾತ್ರ ಯೋಚಿಸುವುದು ಕಡಿಮೆ. ಪರಮತದವರು ಒಂದು ಗುಡಿಯನ್ನು ತಮ್ಮದೆಂದರೆ ಶಾಸನ ತೋರಿಸಿರೆಂದು ಕೇಳಿ, ತಮ್ಮ ಕಡೆಯ ಮಾತಿಗೆ ಅಜ್ಜ ಹೇಳಿದ ಕಥೆಯೇ ಸಾಕೆನ್ನುವುದು ಎರಡು ತಕ್ಕಡಿಯ ವ್ಯಾಪಾರವಲ್ಲದೆ ಬೇರೆಯಲ್ಲ.

ಇದಕ್ಕೆ ಈ ಸೀಮೆಯಲ್ಲಿಯೇ ಉದಾಹರಣೆ ದೊರೆಯುತ್ತದೆ. ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯಾಕಾರದ ನಿಂತ ಕಲ್ಲುಗಳಿವೆ. ಚಪ್ಪಟೆಯಾದ ಭಾರಿ ಬಂಡೆಯನ್ನು ಕಡಿದು ತಲೆಯನ್ನೂ ಹೆಗಲನ್ನೂ ಬಿಡಿಸಿ ನೆಟ್ಟದ್ದು ಅವುಗಳ ರೂಪ. ದೂರದಿಂದ ನೋಡಿದವರಿಗೆ ಯಾರೋ ಅಲುಗದೆ ನಿಂತಿರುವಂತೆ ಕಾಣುತ್ತದೆ. ಶ್ರಾವಕನ ಕಣ್ಣಿಗೆ ಅಲುಗದೆ ನಿಂತದ್ದೆಲ್ಲ ಕಾಯೋತ್ಸರ್ಗವೇ. ಆದರೆ ಕಾಯೋತ್ಸರ್ಗದ ಜಿನಬಿಂಬಕ್ಕೆ ಲಕ್ಷಣಗಳಿವೆ: ಮೊಣಕಾಲಿನವರೆಗೆ ಇಳಿದು ದೇಹವನ್ನು ಸೋಂಕದ ತೋಳುಗಳು, ಪ್ರಶಾಂತವಾದ ಮುಖ, ಪೀಠ, ಮುಕ್ಕೊಡೆ. ಕುಮತಿಯ ಕಲ್ಲುಗಳಲ್ಲಿ ಇವು ಯಾವುವೂ ಇಲ್ಲ. ಅವು ಬೃಹತ್ ಶಿಲಾ ಸಂಸ್ಕೃತಿಯ ಜನ ನೆಟ್ಟವು. ತಮಿಳುನಾಡಿನ ಮೋಟ್ಟೂರಿನಲ್ಲಿಯೂ ಇದೇ ಬಗೆಯ ಕಲ್ಲಿದೆ. ಕಬ್ಬಿಣವನ್ನು ಬಲ್ಲ, ಆದರೆ ಅಕ್ಷರವನ್ನು ಬಿಟ್ಟುಹೋಗದ ಆ ಜನ ತಮ್ಮ ಸತ್ತವರಿಗೆ ಕಲ್ಲಿನ ಮನೆಗಳನ್ನು ಕಟ್ಟಿದರು, ಕಲ್ಲಿನ ವೃತ್ತಗಳನ್ನು ಜೋಡಿಸಿದರು. ಅವರ ನಂಬಿಕೆಯ ಹೆಸರೇನೆಂದು ಅವರೇ ಹೇಳಿಲ್ಲ. ಹೇಳದವರ ಬಾಯಲ್ಲಿ ಮಾತನ್ನಿಡುವುದು ಪ್ರತಿರೂಪಕ ವ್ಯವಹಾರದ ಒಂದು ಬಗೆ.

ಈ ಕಲ್ಲುಗಳ ಬಗ್ಗೆ ಜನಪದರ ಕಥೆ ಬೇರೆಯೇ ಇದೆ, ಅದೂ ಬಹು ಸ್ವಾರಸ್ಯವಾದದ್ದು. ಬಳ್ಳಾರಿ, ಚಿತ್ರದುರ್ಗ, ಕೊಪ್ಪಳ ಸೀಮೆಗಳಲ್ಲಿ ಕಲ್ಲುಚಪ್ಪಡಿಯ ಗೋರಿಗಳಿಗೆ ಮೋರೇರ ಮನೆ ಅಥವಾ ಮೋರ್ಯರ ಮನೆ ಎಂಬ ಹೆಸರು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇಂಥವು ನೂರಾರಿವೆ. ಆ ಬೆಟ್ಟವೇ ಮೋರ್ಯರ ಗುಡ್ಡ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್ ಇವನ್ನು ಕುರಿತು ಬರೆದರು. 2021ರಲ್ಲಿ ಈ ನೆಲೆಯು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಮೂರು ಕಡೆ ಕಲ್ಲುಚಪ್ಪಡಿಯ ಗೋಡೆ, ನಾಲ್ಕನೆಯ ಕಡೆಯ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ, ಮೇಲೆ ಒಂದು ಚಪ್ಪಡಿಯ ಮುಚ್ಚಿಗೆ. ಕಿಂಡಿಯಲ್ಲಿ ದೊಡ್ಡವರು ನುಸುಳುವುದು ಕಷ್ಟ. ಆದುದರಿಂದ ಮೋರ್ಯರು ಕುಳ್ಳರಾಗಿದ್ದರೆಂದು ಜನ ಊಹಿಸಿದರು. ಇಷ್ಟು ಭಾರದ ಕಲ್ಲನ್ನು ಎತ್ತಿದ್ದರಿಂದ ಮಹಾಬಲಶಾಲಿಗಳಾಗಿದ್ದರೆಂದೂ ಊಹಿಸಿದರು. ಬೇರೆ ಕೆಲವು ಕಡೆ ಇಂಥ ರಚನೆಗಳಿಗೆ ಪಾಂಡವರ ಹೆಸರು ಬಂದಿದೆ. ಬೆಟ್ಟದ ತುದಿಯಲ್ಲಿ ಬಂಡೆಯ ಮೇಲೆ ಕುಳಿತ ದೊಡ್ಡ ಅರೆಗೋಳದ ಕಲ್ಲೊಂದಿದೆ. ಅದನ್ನು ಬಡಿದರೆ ನಗಾರಿಯಂತೆ ಧ್ವನಿ ಬಹುದೂರ ಹೋಗುತ್ತದೆ.

ಮೋರ್ಯರೆಂದರೆ ಮೌರ್ಯರೇ? ಹೆಸರು ಕೇಳಿದ ಕೂಡಲೇ ಜೈನರ ಮನಸ್ಸು ಚಂದ್ರಗುಪ್ತನ ಕಡೆಗೆ ಹಾರುತ್ತದೆ. ಶ್ರುತಕೇವಲಿ ಭದ್ರಬಾಹುಗಳು ಹನ್ನೆರಡು ವರ್ಷದ ಕ್ಷಾಮವನ್ನು ಮುನ್ನರಿತು ಸಂಘದೊಡನೆ ದಕ್ಷಿಣಾಪಥಕ್ಕೆ ಬಂದುದು, ಚಂದ್ರಗುಪ್ತನು ರಾಜ್ಯವನ್ನು ತೊರೆದು ಅವರನ್ನು ಅನುಸರಿಸಿದುದು, ಕಳ್ಬಪ್ಪಿನಲ್ಲಿ ಸಮಾಧಿಯನ್ನು ಪಡೆದುದು ಕನ್ನಡ ನಾಡಿನ ಜೈನರ ನೆನಪಿನ ತಳಹದಿ. ಚಿಕ್ಕಬೆಟ್ಟದ ಕ್ರಿ.ಶ. 600ರ ಸುಮಾರಿನ ಶಾಸನ ಭದ್ರಬಾಹುವಿನ ಭವಿಷ್ಯವಾಣಿಯನ್ನೂ ಸಂಘದ ಪ್ರಯಾಣವನ್ನೂ ಹೇಳುತ್ತದೆ. ಹರಿಷೇಣನ ಬೃಹತ್ಕಥಾಕೋಶ, ಕ್ರಿ.ಶ. 931ರದು, ಕಥೆಯನ್ನು ವಿಸ್ತರಿಸುತ್ತದೆ. ಅಶೋಕನ ಶಾಸನಗಳಂತೂ ಬಾಗಳಿಯ ಸುತ್ತಮುತ್ತ ಹರಡಿವೆ: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ರೈಸ್ ಅವರಿಗೆ ದೊರೆತವು, 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವುದು ದೊರೆಯಿತು, 1970ರ ದಶಕದ ಕೊನೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಬೆಳಕಿಗೆ ಬಂದವು. ಆದ್ದರಿಂದ ಮೌರ್ಯರ ಹೆಸರು ಈ ಸೀಮೆಯ ಜನರ ಕಿವಿಗೆ ಬಿದ್ದಿತ್ತೆಂಬುದರಲ್ಲಿ ಅಸಂಭವವೇನೂ ಇಲ್ಲ.

ಆದರೂ ಗೋರಿಗಳನ್ನು ಮೌರ್ಯರ ಖಾತೆಗೆ ಬರೆಯಲಾಗದು. ಹಿರೇಬೆಣಕಲ್ಲಿನಂಥ ರಚನೆಗಳು ಚಂದ್ರಗುಪ್ತನಿಗಿಂತ ಶತಮಾನಗಳ ಮೊದಲೇ ಏಳತೊಡಗಿದ್ದವು. ಚಂದ್ರಗುಪ್ತನು ಪಟ್ಟವೇರಿದ್ದು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ. ಮಗಧದ ಸಾಮ್ರಾಟನ ಕುಲದವರನ್ನು ಗೇಣುದ್ದದ ಕಿಂಡಿಯಲ್ಲಿ ನುಸುಳುವ ಕುಳ್ಳರನ್ನಾಗಿ ಕಥೆ ಕಂಡಿದ್ದರೆ, ಆ ಕಥೆ ಹೇಳುತ್ತಿರುವುದು ಸಾಮ್ರಾಟನ ವಿಷಯವನ್ನಲ್ಲ, ಬಹುಕಾಲದ ಹಿಂದಿನವರು ಎಂಬಷ್ಟನ್ನು ಮಾತ್ರ. ಜನಪದರಿಗೆ ಅದಕ್ಕೊಂದು ಹೆಸರು ಬೇಕಿತ್ತು, ಮೋರ್ಯರೆಂದರು. ಅದನ್ನು ಹಿಡಿದುಕೊಂಡು ಮೋರ್ಯರ ಗುಡ್ಡವನ್ನು ಚಂದ್ರಗುಪ್ತ ಮುನಿಗಳ ತಪೋಭೂಮಿಯೆಂದು ಕರಪತ್ರ ಅಚ್ಚು ಹಾಕಿಸಿದರೆ, ಚಿಕ್ಕಬೆಟ್ಟದ ನಿಜವಾದ ಶಾಸನದ ತೂಕವೂ ಕಡಿಮೆಯಾಗುತ್ತದೆ.

ಹಾಗೆಂದು ಜನಪದರ ಹೆಸರುಗಳನ್ನು ಹಗುರವಾಗಿ ಕಾಣಬೇಕಾಗಿಲ್ಲ. ತುಂಗಭದ್ರೆಯ ಆಚೆಯ ಕೊಪ್ಪಳ, ಎಂದರೆ ಶಾಸನಗಳ ಕೊಪಣ ಮಹಾತೀರ್ಥ, ಇದಕ್ಕೆ ಸಾಕ್ಷಿ. ಅಲ್ಲಿಯ ಬೆಟ್ಟವೊಂದರ ಮೇಲೆ ಎರಡು ಬಂಡೆಗಳ ಮೇಲೆ ಚಪ್ಪಟೆಯಾದ ಬಂಡೆಯೊಂದು ಮುಚ್ಚಳದಂತೆ ಕುಳಿತಿದೆ. ದೂರಕ್ಕೆ ಪಲ್ಲಕ್ಕಿಯಂತೆ ಕಾಣುವುದರಿಂದ ಜನರು ಅದನ್ನು ಪಾಲ್ಕಿಗುಂಡು ಎಂದರು. ಆ ಪಲ್ಲಕ್ಕಿಯ ನೆರಳಿನಲ್ಲಿ 1931ರಲ್ಲಿ ಅಶೋಕನ ಶಾಸನ ಕಾಣಸಿಕ್ಕಿತು. ಅದೇ ವರ್ಷ ಸಮೀಪದ ಗವಿಮಠದ ಬಂಡೆಯಲ್ಲಿಯೂ ಮತ್ತೊಂದು ದೊರೆಯಿತು. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಸವೆದಿದೆ. ಆಗ ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ಮರುವರ್ಷವೇ ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಆರ್. ಎಲ್. ಟರ್ನರ್ ಅವರು ಎರಡನ್ನೂ ಸಂಪಾದಿಸಿ ಪ್ರಕಟಿಸಿದರು.

ಜೈನರಿಗೆ ಬೇಕಾದದ್ದು ಅದೇ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಬಂಡೆಯ ಮೇಲೆ ಒಂದು ಜೋಡಿ ಪಾದಗಳು; ಬಳಿಯಲ್ಲಿ ಹಳಗನ್ನಡದ ಪುಟ್ಟ ಬರಹ. ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯನು ಮಾಡಿಸಿದನೆಂಬಷ್ಟೇ ಅದರ ತಾತ್ಪರ್ಯ. ಸಂಸ್ಕೃತದ ವರಾಂಗಚರಿತದ ಕರ್ತೃವನ್ನು ಹಿಂದಿನ ಕವಿಗಳು ಜಟಾಸಿಂಹನಂದಿಯೆಂದು ಸ್ಮರಿಸಿದ್ದಾರೆ. 1938ರಲ್ಲಿ ಆ ಕಾವ್ಯವನ್ನು ಸಂಪಾದಿಸಿದ ಡಾ. ಎ. ಎನ್. ಉಪಾಧ್ಯೆಯವರು ಕೊಪ್ಪಳದ ಈ ಪಾದಗಳ ಕಡೆಗೆ ವಿದ್ವಾಂಸರ ಗಮನ ಸೆಳೆದರು. ಆಚಾರ್ಯರು ಕೊಪಣದಲ್ಲಿ ಸಮಾಧಿ ಹೊಂದಿದ್ದರೆಂಬ ಊಹೆಗೆ ಈ ಪಾದಗಳೇ ಆಧಾರ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಚಾವಯ್ಯನು ಪಾದಗಳನ್ನು ಕೆತ್ತಿಸುವ ಹೊತ್ತಿಗೆ ಅಶೋಕನ ಅಕ್ಷರಗಳು ಸಾವಿರ ವರ್ಷಗಳಷ್ಟು ಹಳೆಯವಾಗಿದ್ದವು. ಅದನ್ನು ಓದಬಲ್ಲವರು ನಾಡಿನಲ್ಲಿ ಯಾರೂ ಉಳಿದಿರಲಿಲ್ಲ. ಬೌದ್ಧ ಅರಸನ ಆ ಬರಹವನ್ನು ಒರೆಸಿ ಅದರ ಮೇಲೆ ಪಾದವನ್ನು ಕೊರೆಸಲು ಅವನಿಗೆ ಯಾರ ಅಡ್ಡಿಯೂ ಇರಲಿಲ್ಲ. ಅವನು ಹಾಗೆ ಮಾಡಲಿಲ್ಲ. ತಿಳಿಯದ ಅಕ್ಷರವನ್ನು ಹಾಗೆಯೇ ಬಿಟ್ಟು ತನ್ನ ಗುರುವಿಗೆ ಬೇರೆ ಎಡೆ ನೋಡಿಕೊಂಡನು. ತನ್ನ ಹೆಸರಿಗೆ ಒಂದು ಬಿರುದನ್ನೂ ಸೇರಿಸಲಿಲ್ಲ. ಇಂದಿನ ದಾನಿಗಳ ಅಮೃತಶಿಲೆಯ ಫಲಕಗಳಲ್ಲಿ ದೇವರ ಹೆಸರಿಗಿಂತ ದಪ್ಪಕ್ಷರದಲ್ಲಿ ಬರುವ ಹೆಸರುಗಳನ್ನು ಕಂಡಾಗ ಚಾವಯ್ಯನ ನೆನಪಾಗದಿರದು.

ಬಾಗಳಿಗೆ ಮರಳಿದರೆ, ಆ ಸೀಮೆಯ ಜೈನ ಇತಿಹಾಸಕ್ಕೆ ಕುಮತಿಯ ಕಲ್ಲೂ ಮೋರ್ಯರ ಕಥೆಯೂ ಬೇಕಾಗಿಯೇ ಇಲ್ಲ. ಬಾಗಳಿಯ ಸುತ್ತಲ ಪ್ರದೇಶ ಕೋಗಳಿ ಐನೂರು ಎಂಬ ನಾಡು. ಕೋಗಳಿಯು ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಗ್ರಾಮ. ಅಲ್ಲಿಯ ಬಸದಿಯ ಶಾಸನವೊಂದು ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ್ದು, ಕ್ರಿ.ಶ. 1055ರದು. ಇಂದ್ರಕೀರ್ತಿ ಮುನಿಗಳು ಕೊಟ್ಟ ದಾನವನ್ನು ದಾಖಲಿಸುವಾಗ ಆ ಬಸದಿಯನ್ನು ಮಾಡಿಸಿದವನು ದುರ್ವಿನೀತನೆಂದು ಅದು ಹೇಳುತ್ತದೆ. ಗಂಗ ದುರ್ವಿನೀತನು ಆರನೆಯ ಶತಮಾನದವನು. ಎಂದರೆ ಐದುನೂರು ವರ್ಷಗಳ ಅನಂತರ ದಾನ ಕೊಟ್ಟವರು, ಮೊದಲು ಕೊಟ್ಟವನ ಹೆಸರನ್ನು ಅಳಿಸದೆ, ತಮ್ಮ ಹೆಸರಿನ ಮುಂದಿಟ್ಟು ಬರೆದರು. ನಡುವೆ ಗಂಗರು ಹೋಗಿ, ರಾಷ್ಟ್ರಕೂಟರು ಹೋಗಿ, ನೊಳಂಬರು ಸಾಮಂತರಾಗಿ ಉಳಿದಿದ್ದರು. ಮತ್ತೆ 1276ರ ಸುಮಾರಿನಲ್ಲಿ ಹೊಯ್ಸಳ ರಾಮನಾಥನ ಕಾಲದಲ್ಲಿ ಅದೇ ಕೋಗಳಿಯ ಚೆನ್ನಪಾರ್ಶ್ವ ಸ್ವಾಮಿಗೆ ಹೊನ್ನಿನ ದಾನಗಳು ನಡೆದವು. ಏಳುನೂರು ವರ್ಷಗಳ ಲೆಕ್ಕ ಹೀಗೆ ಒಂದೇ ಊರಿನ ಕಲ್ಲುಗಳಲ್ಲಿ ದೊರೆಯುವುದು ಅಪರೂಪ. ಹರಪನಹಳ್ಳಿ ತಾಲ್ಲೂಕಿನ ನಂದಿಬೇವೂರಿನಲ್ಲಿಯೂ ಇದೇ ಕಾಲದ ಜೈನ ಶಾಸನವಿದೆ. ಡಾ. ಪಿ. ಬಿ. ದೇಸಾಯಿಯವರು 1957ರಲ್ಲಿ ಸೊಲ್ಲಾಪುರದ ಜೀವರಾಜ ಗ್ರಂಥಮಾಲೆಯಿಂದ ಪ್ರಕಟವಾದ ತಮ್ಮ ಕೃತಿಯಲ್ಲಿ ದಕ್ಷಿಣದ ಜೈನ ನೆಲೆಗಳನ್ನು ತಾಳ್ಮೆಯಿಂದ ಜೋಡಿಸಿದ್ದಾರೆ. ಅವರ ಬರಹದಲ್ಲಿ ಉತ್ಸಾಹಕ್ಕಿಂತ ಎಚ್ಚರ ಹೆಚ್ಚು. ಆದುದರಿಂದಲೇ ಅದು ಇಂದಿಗೂ ನಿಂತಿದೆ.

ಕೊಟ್ಟೂರಿನ ವಿಷಯ ಇನ್ನೂ ನಾಜೂಕಾದದ್ದು. ಅದು ವೀರಶೈವರ ಪವಿತ್ರ ಕ್ಷೇತ್ರ, ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ಲಕ್ಷಾಂತರ ಜನ ನಡೆದು ಬರುವ ಊರು. ಅಲ್ಲಿ ಮೂರುಕಲ್ಲು ಮಠವೆಂಬುದಿದೆ. ಗೋಡೆಗಳು ಮೂರು ಮೂರು ಭಾರಿ ಕಲ್ಲುಗಳಿಂದಾದುದರಿಂದ ಆ ಹೆಸರು ಬಂದಿತೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಹೇಳುತ್ತದೆ. ಗುರುಗಳು ಜೈನರನ್ನು ವಾದದಲ್ಲಿ ಗೆದ್ದು ಅವರ ಮುಖ್ಯ ಗುಡಿಯಲ್ಲಿ ಲಿಂಗವನ್ನು ಸ್ಥಾಪಿಸಿದರು, ಅದೇ ಈ ಮಠ ಎಂಬ ಸ್ಥಳೀಯ ಐತಿಹ್ಯವನ್ನೂ ಅದು ದಾಖಲಿಸಿದೆ. ಇಂಥ ಕಥೆಯನ್ನು ಓದಿದ ಜೈನ ಯುವಕನಿಗೆ ರಕ್ತ ಬಿಸಿಯಾಗುವುದುಂಟು. ಆದರೆ ವಿಚಿತ್ರವೆಂದರೆ, ಅಲ್ಲಿ ಜೈನರು ಇದ್ದರು, ಗುಡಿ ಕಟ್ಟಿದ್ದರು, ವಾದಕ್ಕೆ ನಿಲ್ಲುವಷ್ಟು ವಿದ್ವತ್ತುಳ್ಳವರಾಗಿದ್ದರು ಎಂಬುದನ್ನು ಇಲ್ಲಿಯವರೆಗೆ ಕಾಪಾಡಿಕೊಂಡು ಬಂದದ್ದು ಗೆದ್ದವರ ಕಡೆಯ ಕಥೆಯೇ. ಸೋತವರು ಮರೆತರು, ಗೆದ್ದವರ ಮಕ್ಕಳು ನೆನಪಿಟ್ಟರು. ಆ ಮಠವನ್ನು ಭಕ್ತಿಯಿಂದ ಗುಡಿಸಿ ದೀಪ ಹಚ್ಚಿ ಉಳಿಸಿಕೊಂಡು ಬಂದವರ ಕೈಯಿಂದ, ಒಂದು ಐತಿಹ್ಯದ ಬಲದ ಮೇಲೆ ಅದನ್ನು ಕೇಳುವ ಹಕ್ಕು ಅಣುವ್ರತಿಗೆ ಇದೆಯೇ? 1991ರ ಪೂಜಾಸ್ಥಳಗಳ ಅಧಿನಿಯಮವು 1947ರ ಆಗಸ್ಟ್ 15ರಂದು ಇದ್ದ ಸ್ವರೂಪವನ್ನೇ ಕಾಯಬೇಕೆಂದು ವಿಧಿಸಿದೆ. ಆ ಕಾನೂನು ಇಲ್ಲದಿದ್ದರೂ ಉತ್ತರ ಬೇರೆಯಾಗಬೇಕಾಗಿಲ್ಲ. ಕೇಳಬಹುದಾದದ್ದು ಒಂದೇ: ವಿದ್ವಾಂಸರು ಬಂದು ಅಳೆದು, ಬರೆದು, ಛಾಯಾಚಿತ್ರ ತೆಗೆದುಕೊಳ್ಳಲು ಅವಕಾಶ.

ನಿಷಿಧಿಗಳ ಲೆಕ್ಕ ಸರಿಯಾಗಿರಬ ೇಕೆಂಬುದಕ್ಕೆ ಇತ್ತೀಚಿನ ಕಾರಣವೂ ಇದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ಎಣಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ವ್ರತವು ಜೈನಧರ್ಮಕ್ಕೆ ಅವಶ್ಯವಾದ ಆಚರಣೆಯೆಂಬುದಕ್ಕೆ ಆಧಾರ ಎಲ್ಲಿ ಎಂದು ಕೇಳಿದಾಗ ಸಮಂತಭದ್ರಾಚಾರ್ಯರ ರತ್ನಕರಂಡಕದ ಜೊತೆಗೆ ನಿಲ್ಲಬೇಕಾದ ಸಾಕ್ಷಿಗಳು ಕರ್ನಾಟಕದ ಈ ಕಲ್ಲುಗಳೇ. ತಪ್ಪಿಸಲಾಗದ ಉಪಸರ್ಗ, ದುರ್ಭಿಕ್ಷ, ಮುಪ್ಪು, ವಾಸಿಯಾಗದ ರೋಗ ಇವು ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದೆಂಬ ಆಚಾರ್ಯರ ಮಾತು ಹೇಗೆ ಬಾಳಿನಲ್ಲಿ ನಡೆಯಿತೆಂಬುದಕ್ಕೆ ದಿನಾಂಕ, ಗುರುವಿನ ಹೆಸರು, ಗಣ ಗಚ್ಛಗಳ ಸಮೇತ ಇವು ಮಾತಾಡುತ್ತವೆ. ಸಾಕ್ಷಿಗಳ ಸಾಲಿನಲ್ಲಿ ಒಂದು ಸುಳ್ಳು ಸಾಕ್ಷಿ ನಿಂತರೆ ವಕೀಲನು ಮಿಕ್ಕವರನ್ನೂ ಅನುಮಾನಿಸುವನೆಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಬಸದಿಯ ಧರ್ಮದರ್ಶಿಗಳಿಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ. ಹೊಲದಲ್ಲಿ ನಿಷಿಧಿಗಲ್ಲು ಸಿಕ್ಕಿತೆಂದರೆ ಅದನ್ನು ಬಸದಿಯ ಆವರಣಕ್ಕೆ ತಂದು, ಸಿಮೆಂಟಿನ ಕಟ್ಟೆ ಕಟ್ಟಿ, ಬಣ್ಣ ಬಳಿದು, ಗ್ರಿಲ್ಲು ಹಾಕಿಸುವುದು ಭಕ್ತಿಯೆಂದೇ ಅನೇಕರು ತಿಳಿದಿದ್ದಾರೆ. ಬಣ್ಣದ ಕೆಳಗೆ ಅಕ್ಷರ ಹೂತುಹೋಗುತ್ತದೆ. ಕಟ್ಟೆಯೊಳಗೆ ಕೊನೆಯ ಸಾಲುಗಳು ಮುಳುಗುತ್ತವೆ, ದಾನದ ವಿವರ ಇರುವುದು ಬಹುಮಟ್ಟಿಗೆ ಆ ಸಾಲುಗಳಲ್ಲಿಯೇ. ಕಲ್ಲು ನಿಂತಿದ್ದ ಸ್ಥಳವೂ ಶಾಸನದ ಒಂದು ಭಾಗ. ಅಲ್ಲಿ ಬಸದಿಯಿತ್ತೆ, ಮುನಿವಾಸವಿತ್ತೆ, ಹಾದಿಯಿತ್ತೆ ಎಂಬುದು ಕಲ್ಲು ಕಿತ್ತ ಮರುದಿನ ಹೊಲ ಉಳುವವನಿಗೂ ತಿಳಿಯದಾಗುತ್ತದೆ. ಮುಕ್ಕೊಡೆಯ ಎಲ್ಲೆಗಲ್ಲಂತೂ ಸ್ಥಳ ಬಿಟ್ಟರೆ ಅರ್ಥವೇ ಇಲ್ಲದ್ದು. ಅದರ ಮಾತೆಲ್ಲ ಇಲ್ಲಿಂದ ಅಲ್ಲಿಯವರೆಗೆ ಎಂಬುದೊಂದೇ. ರಕ್ಷಣೆಗೆ ಬೇರೆ ದಾರಿಯೇ ಇಲ್ಲದಾಗ ಸ್ಥಳಾಂತರ ಮಾಡಬೇಕಾಗುತ್ತದೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರಿಗೆ ದೊರೆತ ಹಲ್ಮಿಡಿಯ ಶಾಸನವು ಮೈಸೂರಿಗೆ ಹೋಯಿತು. ಊರಿನಲ್ಲಿ ಈಗ ಅದರ ಪ್ರತಿಕೃತಿಯಿದೆ. ಆದರೆ ಅದು ಇಲಾಖೆಯ ಕೈಯಿಂದ, ದಾಖಲೆಯಾದ ಮೇಲೆ ಆದ ಕೆಲಸ. ಪ್ರಾಚೀನ ಶಿಲೆಗಳನ್ನು ಸಾಗಿಸುವುದು 1961ರ ಕರ್ನಾಟಕ ಅಧಿನಿಯಮದ, 1972ರ ಕೇಂದ್ರ ಅಧಿನಿಯಮದ ವ್ಯಾಪ್ತಿಗೆ ಬರುವ ವಿಷಯವೆಂಬುದನ್ನೂ ಟ್ರಸ್ಟಿನ ನಡವಳಿ ಪುಸ್ತಕದಲ್ಲಿ ಠರಾವು ಬರೆಯುವ ಮೊದಲು ನೆನೆಯುವುದು ಕ್ಷೇಮ.

ಕಲ್ಲನ್ನು ನೆಟ್ಟವರು ಅದರ ಪಾಲನೆಯನ್ನು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಪ್ರಸಿದ್ಧವಾಗಿದೆ. ಅದು ಶಕ 872ರದು, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಗೆದ್ದ ವಾರ್ತೆ ಆ ಕಲ್ಲಿನಲ್ಲಿದೆ. ಬೂತುಗನ ಭಂಟ ಮನಲೇರನು ಯುದ್ಧದ ಶೌರ್ಯಕ್ಕೆ ಮೆಚ್ಚಾಗಿ ಏನು ಬೇಕೆಂದು ಕೇಳಲ್ಪಟ್ಟಾಗ ಕೃಷ್ಣನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಒಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು ಭೂಮಿಯನ್ನು ಬಿಟ್ಟರು. ಪ್ರಾಣಿಯನ್ನು ಪ್ರಾಣಿಯ ಮೇಲೆ ಬಿಡುವ ಬೇಟೆ ಶ್ರಾವಕನಿಗೆ ಒಪ್ಪತಕ್ಕದ್ದಲ್ಲ, ಅದು ಬೇರೆ ಮಾತು. ಆ ಭೂಮಿಯ ಫಲವನ್ನು ಉಣ್ಣುವ ಗೊರವನಿಗೆ ಶಾಸನ ಹಾಕಿದ ಕಟ್ಟಳೆಯನ್ನು ಮಾತ್ರ ಇಂದಿನ ಯಾವ ಟ್ರಸ್ಟಿನ ನಿಯಮಾವಳಿಯಲ್ಲಿಯೂ ಕಾಣುವುದು ಕಷ್ಟ: ಈ ಕಲ್ಲಿಗೆ ಪೂಜೆ ಸಲ್ಲಿಸದೆ ಅವನು ಊಟ ಮಾಡಿದರೆ, ಆ ನಾಯಿ ಮಾಡಿದ ಪಾಪವು ಅವನಿಗೆ ತಟ್ಟಲಿ ಎಂದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುತ್ತಿರುವ ಚಿತ್ರವು ಅಕ್ಷರಗಳ ನಡುವೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.